ಸಡಿಲ ಕಟ್ಟಿದ್ದೇ ನನ್ನ ತಪ್ಪು

ಮಗಳಿಗೆ ಆಗ ಆರು ವಾರ. ಸಂಜೆಯಾದರೆ ಸಾಕು, ತೊಟ್ಟಿಲಿಗೆ ಹಾಕಿದರೆ ಅಳು, ಎತ್ತಿಕೊಂಡರೆ ಸುಮ್ಮನೆ. ಬಾಣಂತನಕ್ಕೆ ಬಂದಿದ್ದ ಅಮ್ಮನ ತೋಳೂ ಸೋತುಹೋಗಿತ್ತು. ಆಗ ಬೀರುವಿನಿಂದ ಹೊರಬಂದದ್ದು ಗೆಳತಿ ಕೊಟ್ಟಿದ್ದ ಬೇಬಿ ರ‍್ಯಾಪ್. ಸುಮಾರು ಐದು ಮೀಟರ್ ಉದ್ದದ, ಎಳೆದರೆ ಹಿಗ್ಗುವ ಬಟ್ಟೆ, ಅಷ್ಟೇ.

ಬಿಗಿಯಾದರೆ ಪಾಪುಗೆ ಉಸಿರು ಕಟ್ಟೀತು ಅಂತ ಸಡಿಲವಾಗಿಯೇ ಕಟ್ಟಿಕೊಂಡೆ. ಐದು ನಿಮಿಷದಲ್ಲಿ ನಿದ್ದೆ ಹೋದಳು. ಎರಡೂ ಕೈ ಖಾಲಿ! ಫೋನ್ ಹಿಡಿದು ಕೂತೆ.

ಹಾಲು ತಂದ ಅಮ್ಮ ಕೇಳಿದಳು: “ಏನೇ ಇದು, ಮಗು ಮುಖಾನೇ ಕಾಣ್ತಿಲ್ವಲ್ಲೇ?”

ಬಗ್ಗಿ ನೋಡಿದೆ. ಪಾಪು ಬಟ್ಟೆಯೊಳಗೆ ಜಾರಿ, ಗದ್ದ ಎದೆಗೆ ಒತ್ತಿಕೊಂಡು ಮುದುಡಿದ್ದಳು. ಗಾಬರಿಯಲ್ಲಿ ಹೊರತೆಗೆದೆ. ಜೋರಾಗಿ ಅತ್ತಳು. ಆ ಅಳು ಕೇಳಿದ ಮೇಲೇ ನನಗೆ ಜೀವ ಬಂದದ್ದು.

ಅದೇ ವಾರ ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರ್ ಬಿಡಿಸಿ ಹೇಳಿದರು. ಮೊದಲ ನಾಲ್ಕು ತಿಂಗಳು ಮಗುವಿನ ಕತ್ತಿಗೆ ಬಲ ಕಡಿಮೆ. ಗದ್ದ ಎದೆಗೆ ಬಿದ್ದರೆ ಉಸಿರಿನ ದಾರಿ ಕಿರಿದಾಗುತ್ತದೆ, ತಲೆ ಎತ್ತಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಅಳುವುದೂ ಇಲ್ಲ, ಸದ್ದೇ ಇರುವುದಿಲ್ಲ. ಅಪಾಯ ಇರುವುದು ಸಡಿಲ ಕಟ್ಟಿನಲ್ಲಿ. ಮೈಗೆ ಒತ್ತಿ ಕಟ್ಟಿದ ಮಗು ಜಾರುವುದಿಲ್ಲ.

ಕಟ್ಟುವುದು ಹೀಗೆ

1. ಮಗುವನ್ನು ಎತ್ತಿಕೊಳ್ಳುವ ಮೊದಲೇ ಬಟ್ಟೆ ಕಟ್ಟಿಕೊಳ್ಳಿ. ನಡುಭಾಗ ಹೊಟ್ಟೆಯ ಮೇಲೆ ಅಡ್ಡಪಟ್ಟಿಯಂತೆ ಬರಲಿ. ಎರಡೂ ತುದಿಗಳನ್ನು ಬೆನ್ನ ಹಿಂದೆ ಕತ್ತರಿಯಂತೆ ದಾಟಿಸಿ, ಹೆಗಲ ಮೇಲಿಂದ ಮುಂದಕ್ಕೆ ತನ್ನಿ.

2. ತುದಿಗಳನ್ನು ಅಡ್ಡಪಟ್ಟಿಯ ಒಳಗಿಂದ ಕೆಳಕ್ಕೆ ಎಳೆದು, ಮತ್ತೆ ಕತ್ತರಿ ಹಾಕಿ, ಸೊಂಟ ಸುತ್ತಿ ಎರಡು ಗಂಟು ಹಾಕಿ. ಮೈಗೆ ಅಂಟಿದ ಟೀಶರ್ಟ್‌ನಂತಿರಲಿ.

3. ತೇಗು ತೆಗೆಸುವಾಗಿನಂತೆ ಮಗುವನ್ನು ಹೆಗಲಿಗೆ ಹಾಕಿಕೊಳ್ಳಿ. ಎದೆ ಮೇಲಿನ ಕತ್ತರಿಯಲ್ಲಿ ಒಳಗಿನ ಪಟ್ಟಿಗೆ ಒಂದು ಕಾಲು, ಹೊರಗಿನದಕ್ಕೆ ಇನ್ನೊಂದು. ಎರಡೂ ಪಟ್ಟಿಗಳನ್ನು ಮಗುವಿನ ಮಂಡಿಯಿಂದ ಮಂಡಿಗೆ ಅಗಲಿಸಿ. ಮಂಡಿಗಳು ಕುಂಡಿಗಿಂತ ಮೇಲಿರಲಿ, ಕಪ್ಪೆ ಕೂತ ಹಾಗೆ. ಕಾಲು ನೇರ ಜೋತಾಡುವುದಕ್ಕಿಂತ ಇದು ಸೊಂಟದ ಕೀಲಿಗೆ ಒಳ್ಳೆಯದು.

4. ಕೊನೆಗೆ ಅಡ್ಡಪಟ್ಟಿಯನ್ನು ಮಗುವಿನ ಬೆನ್ನ ಮೇಲೆ, ಕತ್ತಿನವರೆಗೆ ಎಳೆಯಿರಿ. ಎಲ್ಲ ಮುಗಿಯುವ ತನಕ ಒಂದು ಕೈ ಮಗುವಿನ ಮೇಲೇ ಇರಲಿ. ಮೊದಲ ದಿನಗಳಲ್ಲಿ ಮಂಚದ ಅಂಚಿನಲ್ಲಿ ಕೂತು ಅಭ್ಯಾಸ ಮಾಡ್ಕೊಳ್ಳಿ.

ಪ್ರತಿ ಸಲವೂ ಐದು ಪರೀಕ್ಷೆ

- ಬಿಗಿಯಾಗಿದೆಯಾ? ಮಗುವಿನ ತಲೆಗೆ ಕೈ ಕೊಟ್ಟು ಸ್ವಲ್ಪ ಬಾಗಿ ನೋಡಿ. ಮಗು ನಿಮ್ಮಿಂದ ದೂರ ಸರಿದರೆ ಸಡಿಲ ಅಂತಲೇ ಅರ್ಥ.
- ಮುಖ ಕಾಣುತ್ತಿದೆಯಾ? ಮೂಗು, ಬಾಯಿ ಬಟ್ಟೆಗೋ ನಿಮ್ಮ ಎದೆಗೋ ಒತ್ತಿರಬಾರದು.
- ತಲೆ ಬಗ್ಗಿಸಿದರೆ ನೆತ್ತಿಗೆ ಮುತ್ತು ಕೊಡಲಾಗುತ್ತದೆಯಾ?
- ಗದ್ದ ಮತ್ತು ಎದೆಯ ನಡುವೆ ಒಂದು ಬೆರಳಾದರೂ ಜಾಗ ಇದೆಯಾ?
- ಬೆನ್ನಿಗೆ ಆಸರೆ ಇದೆಯಾ? ಮೃದುವಾಗಿ ಒತ್ತಿದರೆ ಮಗು ಕುಸಿಯಬಾರದು.

ರ‍್ಯಾಪ್‌ನಲ್ಲೇ ಹಾಲು ಕುಡಿಸಿದರೆ, ಕುಡಿಸಿದ ಕೂಡಲೇ ಮಗುವನ್ನು ಮತ್ತೆ ನೇರ ಮಾಡಿ ಬಿಗಿ ಮಾಡಿಕೊಳ್ಳಿ. ಒಲೆ ಮುಂದೆ, ಸ್ಕೂಟರ್‌ನಲ್ಲಿ, ಕಾರಿನಲ್ಲಿ ರ‍್ಯಾಪ್ ಬೇಡವೇ ಬೇಡ. ಆ ಬಟ್ಟೆಯೂ ಮಗುವಿಗೆ ಒಂದು ಪದರ ಉಡುಪೇ. ಸೆಕೆಯಲ್ಲಿ ಒಳಗೆ ತೆಳು ಬಟ್ಟೆ ಸಾಕು. ತಿಂಗಳು ತುಂಬದೆ ಹುಟ್ಟಿದ ಮಗು, ತೂಕ ಕಡಿಮೆ ಇರುವ ಮಗು, ಉಸಿರಾಟದ ತೊಂದರೆ ಇರುವ ಮಗುವಾದರೆ ಡಾಕ್ಟರನ್ನು ಕೇಳದೆ ಕಟ್ಟಬೇಡಿ.

ಆಮೇಲೆ ನಮ್ಮ ಮನೆಯಲ್ಲಿ ರ‍್ಯಾಪ್ ಕಟ್ಟುವ ಸರದಿ ಗಂಡನದೂ ಆಯ್ತು. ಸಂಜೆ ಅವರು ಮಗಳನ್ನು ಕಟ್ಟಿಕೊಂಡು ಹಾಲ್‌ನಲ್ಲಿ ಅಡ್ಡಾಡುತ್ತಿದ್ದರೆ ನಾನು ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ. “ಕತ್ತು ನಿಲ್ಲೋವರೆಗೂ ನಾವು ಕಂಕುಳಿಗೇ ಹಾಕ್ಕೊಳ್ತಿರಲಿಲ್ಲ” ಅಂತ ಅಮ್ಮ ಗೊಣಗುವುದನ್ನು ಬಿಡಲಿಲ್ಲ. ಆದರೆ ಅಳಿಯ ಪಕ್ಕದಲ್ಲಿ ಹಾದಾಗಲೆಲ್ಲ ಇಣುಕಿ ಮೊಮ್ಮಗಳ ಮುಖ ನೋಡಿ, ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿಯೇ ಮುಂದೆ ಹೋಗುತ್ತಿದ್ದಳು. ಆ ಅಭ್ಯಾಸ ಈಗ ನನಗೂ ಬಂದಿದೆ.