ನಡುಹಗಲಲ್ಲಿ ಬೆಳ್ಳಿಚುಕ್ಕಿ

ಸೂರ್ಯನೇ ಮುಳುಗದ ಧ್ರುವಪ್ರದೇಶದ ಬೇಸಿಗೆಯಲ್ಲಿ ಗ್ರಹಗಳು ಕಾಣುತ್ತವೆಯೇ ಎಂದು ಇಂದಿರಾನಗರದ ಓದುಗರೊಬ್ಬರು ಕೇಳಿದ್ದಾರೆ. ಶುಕ್ರ ಕಾಣುತ್ತದೆ, ಅದೂ ಬರಿಗಣ್ಣಿಗೆ!

ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದ ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ, ಸುಮಾರು 79 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಶುಕ್ರ ನಮ್ಮ ಕಣ್ಣಿಗೆ ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ಹೆಚ್ಚು ದೂರ ಹೋಗುವುದೇ ಇಲ್ಲ. ಹಾಗಾಗಿ ಜೂನ್ ಮೂರನೇ ವಾರದಲ್ಲಿ ಅಲ್ಲಿ ಸೂರ್ಯನೂ ಮುಳುಗುವುದಿಲ್ಲ, ಶುಕ್ರನೂ ಮುಳುಗುವುದಿಲ್ಲ. ಎರಡೂ ಇಡೀ ದಿನ ಆಕಾಶವನ್ನು ಸುತ್ತುತ್ತಿರುತ್ತವೆ. ಗುರು, ಮಂಗಳಗಳ ಕತೆ ಇದಕ್ಕೆ ತದ್ವಿರುದ್ಧ. ಅವು ಅತ್ಯಂತ ಪ್ರಕಾಶಮಾನವಾಗುವುದು ಸೂರ್ಯನಿಗೆ ಎದುರು ದಿಕ್ಕಿನಲ್ಲಿದ್ದಾಗ. ಜೂನ್‌ನಲ್ಲಿ ಹಾಗೆ ಎದುರಾದರೆ ಹಿಮಾದ್ರಿಯವರಿಗೆ ಅವು ಉದಯಿಸುವುದೇ ಇಲ್ಲ! ಅದೇ ಡಿಸೆಂಬರ್‌ನಲ್ಲಿ ಎದುರಾದರೆ, ಆ ದೀರ್ಘ ರಾತ್ರಿಯಲ್ಲಿ ಮುಳುಗುವುದೇ ಇಲ್ಲ.

ಹಗಲಿನ ಶುಕ್ರನನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಬೆಳ್ಳಿ ಮೂಡುವ ತಿಂಗಳುಗಳಲ್ಲಿ, ಮಳೆ ತೊಳೆದ ಆಕಾಶವಿರುವ ಬೆಳಗಿನ ಜಾವ ಮಹಡಿ ಹತ್ತಿ. ನೀರಿನ ಟ್ಯಾಂಕಿನ ಅಂಚಿಗೆ ಶುಕ್ರನನ್ನು ಹೊಂದಿಸಿಕೊಂಡು, ಐದೈದು ನಿಮಿಷಕ್ಕೊಮ್ಮೆ ನೋಡುತ್ತಾ ಇರಿ. ಬೆಂಗಳೂರಿನಲ್ಲಿ ಗ್ರಹಗಳ ಹಾದಿ ಕಡಿದಾಗಿ ಮೇಲೇರುವುದರಿಂದ ಸೂರ್ಯ ಹುಟ್ಟುವ ಹೊತ್ತಿಗೆ ಶುಕ್ರ 40 ಡಿಗ್ರಿಗೂ ಮೇಲೆ ಇರಬಹುದು. ಹೊತ್ತೇರಿದ ಮೇಲೂ ನೀಲಿಯಲ್ಲಿ ಆ ಬಿಳಿ ಚುಕ್ಕೆ ಉಳಿದಿರುವುದನ್ನು ನಾನು ಕಂಡಿದ್ದೇನೆ. ಎಷ್ಟು ಸಲ ಕಂಡರೂ ಆ ಸಂತೋಷ ಹೊಸದೇ. ಕಷ್ಟವೆಲ್ಲ ಹುಡುಕುವುದರಲ್ಲಿದೆ: ಖಾಲಿ ಆಕಾಶದಲ್ಲಿ ದೃಷ್ಟಿ ನಿಲ್ಲಲು ಆಸರೆ ಇರುವುದಿಲ್ಲ. ಚಂದ್ರ ಪಕ್ಕದಲ್ಲಿದ್ದ ದಿನ ಕೆಲಸ ಇನ್ನೂ ಸುಲಭ.

ಆಳವಾದ ಬಾವಿಗಿಳಿದರೆ ಹಗಲಲ್ಲೂ ನಕ್ಷತ್ರ ಕಾಣುತ್ತವೆ ಎಂಬ ಮಾತು ಅರಿಸ್ಟಾಟಲ್‌ನಷ್ಟು ಹಳೆಯದು, ಮತ್ತು ತಪ್ಪು. ನೀಲಿ ಬೆಳಕು ಹರಡುವುದು ಮೇಲಿನ ಗಾಳಿಯಲ್ಲಿ. ಬಾವಿಗಿಳಿದರೆ ಕಾಣುವ ಆಕಾಶ ಕಿರಿದಾಗುತ್ತದೆ, ಕಪ್ಪಾಗುವುದಿಲ್ಲ.

ಇನ್ನು ಶುಕ್ರಾಸ್ತ, ಅಂದರೆ ಶುಕ್ರ ಕೆಲವು ದಿನ ಕಣ್ಣಿಗೆ ಕಾಣದಿರುವ ಕಾಲ. ಗ್ರಹ ಶಕ್ತಿಗುಂದಿದೆ ಎಂದು ಮದುವೆಗಳನ್ನೇ ಮುಂದೂಡುತ್ತೇವೆ. ಆಗ ಶುಕ್ರ ಸೂರ್ಯನ ಪ್ರಭೆಯೊಳಗೆ ಮರೆಯಾಗಿರುತ್ತದೆ, ಅಷ್ಟೇ. ಸೂರ್ಯನನ್ನು ಗಮನಿಸಲು ಹಾರಿಸಿದ ಸೋಹೊ ಬಾಹ್ಯಾಕಾಶ ನೌಕೆಯ ಕ್ಯಾಮೆರಾ ಸೂರ್ಯನನ್ನು ಮರೆಮಾಡಿ, ಅದೇ ‘ಅಸ್ತ’ ಶುಕ್ರನನ್ನು ಝಗಮಗಿಸುತ್ತಿರುವಂತೆ ತೋರಿಸಿದೆ. ಗ್ರಹಕ್ಕಿಲ್ಲದ ದೌರ್ಬಲ್ಯವನ್ನು ನಮ್ಮ ಮಕ್ಕಳ ಬದುಕಿಗೆ ಹಚ್ಚುವುದು ಬೇಡ.

ಬದಲಿಗೆ ಅವರನ್ನು ಮಹಡಿಗೆ ಕರೆದೊಯ್ಯಿರಿ. ಸೂರ್ಯ ಮಾತ್ರ ಸದಾ ಗೋಡೆಯ ಮರೆಯಲ್ಲಿರಲಿ; ಹಗಲಲ್ಲಿ ದುರ್ಬೀನನ್ನು ಅವರ ಕೈಗೆ ಕೊಡಬೇಡಿ.