ಸಮುದ್ರದಾಚೆಯ ತರಗತಿಯಲ್ಲಿ ಮೊದಲ ದಿನ

ಬೆಳೆಗಾರ ಬಾಂಧವರ ಮನೆಗಳಿಂದ ಮಕ್ಕಳು ಹೊರದೇಶಕ್ಕೆ ವ್ಯಾಸಂಗಕ್ಕೆ ಹೋಗುವುದು ಈಗ ಅಪರೂಪವಲ್ಲ. ಸಾಲದ ಕಾಗದ, ವೀಸಾ, ವಿಮಾನದ ಟಿಕೇಟು ಇವುಗಳ ವಿಚಾರ ಮನೆಮಂದಿಗೆಲ್ಲ ಬಾಯಿಪಾಠವಾಗಿರುತ್ತದೆ. ಆದರೆ ಮಗನೋ ಮಗಳೋ ಅಲ್ಲಿನ ತರಗತಿಯೊಳಗೆ ಕಾಲಿಟ್ಟ ಮೊದಲ ದಿನ ಏನು ನಡೆಯುತ್ತದೆಂಬುದು ತಿಳಿದವರು ಕಡಿಮೆ. ಅದನ್ನು ತಿಳಿದಿರುವುದು ಒಳ್ಳೆಯದು. ಏಕೆಂದರೆ ಆ ದಿನ ಕಾಣುವ ನಿರಾಳತೆಯಲ್ಲೇ ಮುಂದಿನ ತೊಂದರೆಯ ಬೀಜವೂ ಇರಬಹುದು. ಜರ್ಮನಿಯ ಗೋಟಿಂಗನ್ ವಿಶ್ವವಿದ್ಯಾಲಯವನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಆ ಊರಿನ ಋಣ

ಗೋಟಿಂಗನ್ ನಮಗೆ ತೀರಾ ಪರಕೀಯವಲ್ಲ. ಕೆನಡಾ ದೇಶದ ಡಾ. ಲೆಸ್ಲಿ ಕೋಲ್‌ಮನ್ ಡಾಕ್ಟರೇಟ್ ಪಡೆದದ್ದು ಅಲ್ಲಿಯೇ. ಇಂಗ್ಲಿಷ್ ಮಾತಿನ ನಾಡಿನಿಂದ ಜರ್ಮನ್ ಮಾತಿನ ಊರಿಗೆ ಹೋಗಿ ಕಲಿತ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣವನ್ನು ನಮ್ಮ ತೋಟಗಳಿಗೆ ತಂದವರು ಅವರೇ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾದದ್ದೂ ಅವರ ಕಾಲದಲ್ಲಿಯೇ. ಒಬ್ಬ ವಿದ್ಯಾರ್ಥಿ ಪರದೇಶದಲ್ಲಿ ಕಲಿತದ್ದು ಇನ್ನೊಂದು ನಾಡಿನ ಸಾವಿರಾರು ಮನೆಗಳ ಅನ್ನಕ್ಕೆ ದಾರಿಯಾಯಿತು. 1737ರಲ್ಲಿ ಸ್ಥಾಪನೆಯಾದ ಆ ವಿದ್ಯಾಲಯದಲ್ಲಿ ಇಂದೂ ಕೃಷಿ ವಿಜ್ಞಾನದ ವಿಭಾಗವಿದೆ; ಸಸ್ಯ ಸಂರಕ್ಷಣೆಯಂಥ ವಿಷಯಗಳನ್ನು ಇಂಗ್ಲಿಷಿನಲ್ಲೂ ಕಲಿಸುತ್ತಾರೆ.

ಹತ್ತು ಗಂಟೆ ಎಂದರೆ ಹತ್ತೂಕಾಲು

ಚಳಿಗಾಲದ ಅವಧಿ ಕಾಗದದ ಮೇಲೆ ಅಕ್ಟೋಬರ್ 1ಕ್ಕೆ ಶುರು. ಪಾಠಗಳು ಆರಂಭವಾಗುವುದು ಆ ತಿಂಗಳ ಉತ್ತರಾರ್ಧದಲ್ಲಿ. ಇಲ್ಲಿ ನಾವು ಕೊನೆ ಇಳಿಸಲು ಕೊನೆಗಾರನನ್ನು ಹುಡುಕುತ್ತಿರುವ ಹೊತ್ತಿಗೆ ಅಲ್ಲಿ ಎಲೆ ಉದುರಿ ಚಳಿ ಹಿಡಿದಿರುತ್ತದೆ.

ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಎಂದು ಬರೆದು ಪಕ್ಕದಲ್ಲಿ 'ಸಿ.ಟಿ.' ಎಂಬ ಎರಡಕ್ಷರ ಹಾಕಿದ್ದರೆ ಪಾಠ ಹತ್ತೂಕಾಲಿಗೆ ಎಂದರ್ಥ. 'ಎಸ್.ಟಿ.' ಎಂದಿದ್ದರೆ ಸರಿಯಾಗಿ ಹತ್ತಕ್ಕೇ. ಕೈಗಡಿಯಾರ ಇಲ್ಲದ ಕಾಲದಲ್ಲಿ ಗಂಟೆಯ ಸದ್ದು ಕೇಳಿ ಹೊರಟವರು ಬಂದು ಸೇರಲೆಂದು ಬಿಟ್ಟ ಕಾಲು ಗಂಟೆ ಇದು ಎನ್ನುತ್ತಾರೆ. ತಿಳಿಯದ ಹೊಸಬರು ಹತ್ತಕ್ಕೆ ಹೋಗಿ ಖಾಲಿ ಕೋಣೆ ಕಂಡು ಗಾಬರಿಯಾಗುವುದುಂಟು. ಆಗ ನಮ್ಮಲ್ಲಿ ಮಧ್ಯಾಹ್ನ ಒಂದೂವರೆ ಗಂಟೆ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಹಿಂದಿಟ್ಟ ಮೇಲೆ ಎರಡೂವರೆ.

ಪಾಠ ಒಂದೂವರೆ ಗಂಟೆಯದು. ಅಧ್ಯಾಪಕರು ಒಳಗೆ ಬಂದಾಗ ಯಾರೂ ಎದ್ದು ನಿಲ್ಲುವುದಿಲ್ಲ. ಪಾಠ ಮುಗಿದೊಡನೆ ಎಲ್ಲರೂ ಬೆರಳ ಗಿಣ್ಣಿನಿಂದ ಮೇಜನ್ನು ಟಕಟಕ ಕುಟ್ಟುತ್ತಾರೆ. ಅದು ಗಲಾಟೆಯಲ್ಲ, ಅಲ್ಲಿನ ಚಪ್ಪಾಳೆ. ಜರ್ಮನ್ ಭಾಷೆಯಲ್ಲಿ 'ನೀನು' ಎನ್ನಲು 'ದು', 'ನೀವು' ಎನ್ನಲು 'ಝೀ' ಎಂದಿದೆ. ಜೊತೆಗಾರರಿಗೆ ದು, ಹಿರಿಯರಿಗೆ ಝೀ. ಇದು ಕನ್ನಡದ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ಕೇಳುವವರಿಲ್ಲದ ಸ್ವಾತಂತ್ರ್ಯ

ಈಗ ಮುಖ್ಯ ವಿಷಯಕ್ಕೆ ಬರೋಣ. ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಹಾಜರಿ ಕೂಗುವುದಿಲ್ಲ. ನಡುವೆ ಕಿರುಪರೀಕ್ಷೆಗಳು ಕಡಿಮೆ. ಎಷ್ಟೋ ವಿಷಯಗಳಲ್ಲಿ ಅವಧಿಯ ಕೊನೆಗೆ ನಡೆಯುವ ಒಂದೇ ಪರೀಕ್ಷೆಯ ಮೇಲೆ ಇಡೀ ಫಲಿತಾಂಶ ನಿಂತಿರುತ್ತದೆ. ಆ ಪರೀಕ್ಷೆಗೂ ವಿದ್ಯಾರ್ಥಿಯೇ ಕಂಪ್ಯೂಟರಿನಲ್ಲಿ ಗಡುವಿನೊಳಗೆ ಹೆಸರು ನೋಂದಾಯಿಸತಕ್ಕದ್ದು. ನೆನಪಿಸುವವರಿಲ್ಲ, ಗದರಿಸುವವರೂ ಇಲ್ಲ.

ಮನೆಯಲ್ಲೂ ಕಾಲೇಜಿನಲ್ಲೂ ಕಣ್ಗಾವಲಿನಲ್ಲಿ ಬೆಳೆದ ಹುಡುಗನಿಗೆ ಮೊದಲ ದಿನ ಇದು ಹಬ್ಬದಂತೆ ಕಾಣಬಹುದು. ನಾಲ್ಕು ತಿಂಗಳಾದ ಮೇಲೆ ಅದರ ಲೆಕ್ಕ ಬರುತ್ತದೆ. ಒಂದು ಪರೀಕ್ಷೆಗೆ ಸಾಮಾನ್ಯವಾಗಿ ಮೂರು ಅವಕಾಶ. ಕಡ್ಡಾಯ ವಿಷಯವೊಂದರಲ್ಲಿ ಎಲ್ಲ ಅವಕಾಶಗಳೂ ಮುಗಿದರೆ ಆ ವ್ಯಾಸಂಗದಿಂದಲೇ ಹೊರಬೀಳಬೇಕಾಗುತ್ತದೆ. ಓದಿಗಾಗಿ ಸಿಕ್ಕ ವಾಸದ ಅನುಮತಿಗೂ ಅದರಿಂದ ತೊಂದರೆ.

ಅಂಕದ ವಿಚಾರದಲ್ಲೂ ಮನೆಯವರು ಎಚ್ಚರದಿಂದಿರಬೇಕು. ಅಲ್ಲಿ 1.0 ಎಂದರೆ ಅತ್ಯುತ್ತಮ, 4.0 ಕನಿಷ್ಠ ತೇರ್ಗಡೆ, 5.0 ಅನುತ್ತೀರ್ಣ. ಮಗಳು "ಒಂದು ಪಾಯಿಂಟ್ ಮೂರು ಬಂತು ಅಪ್ಪಯ್ಯ" ಎಂದರೆ ಬೇಸರ ಬೇಡ, ಸಿಹಿ ಹಂಚಿ!

ಹಣದ ಮಾತು

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ, ಅವಧಿಗೊಮ್ಮೆ ಚಿಕ್ಕ ವಂತಿಗೆ ಮಾತ್ರ. ಬಾಡೆನ್-ವ್ಯೂರ್ಟೆಂಬರ್ಗ್ ಪ್ರಾಂತ್ಯ 2017ರಿಂದ ನಮ್ಮಂಥ ಹೊರಗಿನವರಿಗೆ ಅವಧಿಗೆ 1,500 ಯೂರೋ ವಿಧಿಸಿದೆ. ಆದರೆ ಜೀವನ ವೆಚ್ಚಕ್ಕೆಂದು ವರ್ಷದ ಹಣವನ್ನು ಮೊದಲೇ ಅಲ್ಲಿನ ಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಿದರು. ಎಂದರೆ ಹತ್ತು ಲಕ್ಷ ರೂಪಾಯಿಗೂ ಮಿಕ್ಕಿ. ಅದು ವಿದ್ಯಾರ್ಥಿಯದೇ ಹಣ, ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. 2024ರ ಮಾರ್ಚ್‌ನಲ್ಲಿ ಬಂದ ನಿಯಮದಂತೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶವಿದೆ. ಸಾಲದ ಕಂತು ಆ ದುಡಿಮೆಯಿಂದಲೇ ತೀರಲಿ ಎಂದು ಮನೆಯಿಂದ ಒತ್ತಾಯ ಬಂದರೆ ಹುಡುಗ ತರಗತಿ ಬಿಟ್ಟು ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ಹಾಜರಿ ಕೇಳುವವರಿಲ್ಲ ಎಂಬುದನ್ನು ಮರೆಯಬಾರದು.

ಫೋನಿನಲ್ಲಿ ಏನು ಕೇಳಬೇಕು?

ಊಟ ಆಯಿತೇ, ಚಳಿ ಹೇಗಿದೆ ಎಂದು ಎಲ್ಲರೂ ಕೇಳುತ್ತಾರೆ. ಅದೂ ಬೇಕು. ಅದರ ಜೊತೆಗೆ ಇನ್ನು ಮೂರು ಪ್ರಶ್ನೆ ಕೇಳಿ. ಪರೀಕ್ಷೆಗೆ ಹೆಸರು ನೋಂದಾಯಿಸುವ ಕೊನೆಯ ದಿನ ಯಾವುದು? ಜೊತೆಯಲ್ಲಿ ಕೂತು ಓದಲು ಒಬ್ಬಿಬ್ಬರಾದರೂ ಸಿಕ್ಕಿದರೇ? ಪಾಠ ಅರ್ಥವಾಗದಿದ್ದರೆ ಅಧ್ಯಾಪಕರನ್ನು ಕಾಣುವ ವೇಳೆ ಯಾವುದು? ಅಲ್ಲಿ ಅಧ್ಯಾಪಕರು ಇದಕ್ಕೆಂದೇ ಹೊತ್ತು ಗೊತ್ತುಮಾಡಿರುತ್ತಾರೆ. ಹೋಗಿ ಕೇಳುವುದು ಅವಮಾನವಲ್ಲ.

ಉತ್ತರ ತಡವರಿಸಿದರೆ ಗದರಬೇಡಿ. ಸೋತ ವಿಷಯವನ್ನು ಧೈರ್ಯವಾಗಿ ಮನೆಗೆ ಹೇಳಬಲ್ಲ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಸಾಲಕ್ಕೂ ಊರವರ ಮಾತಿಗೂ ಅಂಜಿ ಮುಚ್ಚಿಡುವವರೇ ಹೆಚ್ಚು ನವೆಯುವವರು. ಕೊಳೆ ಕಂಡ ಮೇಲೆ ದ್ರಾವಣ ಹೊಡೆದು ಗೊನೆ ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ನಮಗೆಲ್ಲ ಗೊತ್ತು. ಮಳೆ ಹಿಡಿಯುವ ಮೊದಲೇ ಹೊಡೆಯಬೇಕು. ಮಕ್ಕಳ ಓದಿನಲ್ಲಿ ಆ ಹೊತ್ತು ಎಂದರೆ ಮೊದಲ ದಿನ, ಮೊದಲ ವಾರ.