ಗೋಮಾಳದ ಧಾರಣಶಕ್ತಿ

ಒಂದು ಹುಲ್ಲುಗಾವಲು ಎಷ್ಟು ದನಗಳನ್ನು ಪೋಷಿಸಬಲ್ಲದೆಂಬ ಪ್ರಶ್ನೆಯು ಗ್ರಾಮಗಳ ಮುಖ್ಯಸ್ಥರ ಮುಂದೆ ವರ್ಷವರ್ಷವೂ ಬರುತ್ತಿರುವುದು. ಪರಿಸರಶಾಸ್ತ್ರಜ್ಞರು ಇದಕ್ಕೆ ‘ಧಾರಣಶಕ್ತಿ’ ಎಂಬ ಹೆಸರನ್ನು ಕೊಟ್ಟಿರುವರು. ಒಂದು ನೆಲವು ತನ್ನ ಸಾರವನ್ನು ಕಳೆದುಕೊಳ್ಳದೆ ವರ್ಷದಿಂದ ವರ್ಷಕ್ಕೆ ಎಷ್ಟು ಪ್ರಾಣಿಗಳನ್ನು ಸಾಕಬಲ್ಲದೋ ಆ ಸಂಖ್ಯೆಯೇ ಅದರ ಧಾರಣಶಕ್ತಿ. ಇಲ್ಲಿ ‘ಸಾರವನ್ನು ಕಳೆದುಕೊಳ್ಳದೆ’ ಎಂಬ ಮಾತೇ ಮುಖ್ಯವಾದುದು. ಬಿತ್ತನೆಗಾಗಿ ಇಟ್ಟ ರಾಗಿಯನ್ನು ಉಂಡವನಿಗೆ ಈ ವರ್ಷ ಹಸಿವಿಲ್ಲ. ಆದರೆ ಮುಂದಿನ ವರ್ಷ ಬೆಳೆಯೂ ಇಲ್ಲ.

ಈ ಮೇರೆಯನ್ನು ಮೀರಿದರೆ ಏನಾಗುವುದೆಂಬುದಕ್ಕೆ ಅಮೆರಿಕಕ್ಕೆ ಸೇರಿದ ಅಲಾಸ್ಕದ ಸೇಂಟ್ ಮ್ಯಾಥ್ಯೂ ದ್ವೀಪದ ವೃತ್ತಾಂತವು ಪ್ರಸಿದ್ಧವಾದುದು. 1944ರಲ್ಲಿ ಅಲ್ಲಿ 29 ಹಿಮಸಾರಂಗಗಳನ್ನು ತಂದು ಬಿಟ್ಟರು. ಮೇವು ಹೇರಳವಾಗಿದ್ದಿತು, ಹಿಡಿದು ತಿನ್ನುವ ಮೃಗಗಳಿರಲಿಲ್ಲ. 1963ರ ವೇಳೆಗೆ ಅವು ಸುಮಾರು 6,000ಕ್ಕೆ ಏರಿ, ನಿಧಾನವಾಗಿ ಬೆಳೆಯುವ ಕಲ್ಲುಹೂವಿನ ಮೇವನ್ನು ಬುಡಮುಟ್ಟ ತಿಂದುಬಿಟ್ಟವು. ಮರು ಚಳಿಗಾಲದಲ್ಲಿ ಹಿಮವು ಅಧಿಕವಾಗಿ ಬೀಳಲು ಹಿಂಡೇ ನಾಶವಾಯಿತು. 1966ರಲ್ಲಿ ಎಣಿಸಿದಾಗ ಉಳಿದಿದ್ದವು 42 ಮಾತ್ರ.

ನಮ್ಮ ಗೋಮಾಳಗಳಲ್ಲಿ ಇಂತಹ ನಾಶವು ಒಮ್ಮೆಗೇ ಕಾಣಿಸದು, ಮೆಲ್ಲಮೆಲ್ಲನೆ ಬರುವುದು. ಮೊದಲು ದನಗಳು ಮೆಚ್ಚುವ ಬಹುವಾರ್ಷಿಕ ಹುಲ್ಲುಗಳು ಅಳಿಯುವುವು. ಅನಂತರ ದನಗಳು ಮುಟ್ಟದ ತಂಗಡಿ, ಲಂಟಾನ, ಪಾರ್ಥೇನಿಯಂಗಳು ಹಬ್ಬುವುವು. ಗೊರಸಿನ ತುಳಿತದಿಂದ ನೆಲವು ಗಟ್ಟಿಯಾಗಿ, ಮಳೆಯ ನೀರು ಇಂಗದೆ ಮೇಲ್ಮಣ್ಣನ್ನು ಕೊಚ್ಚಿಕೊಂಡು ಕೆರೆಯ ಹೂಳಾಗುವುದು.

1966ರ ಭೂಕಂದಾಯ ನಿಯಮಗಳು ಪ್ರತಿ 100 ದನಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ, ಗೋಮಾಳವನ್ನು ಬಿಡಬೇಕೆಂದು ವಿಧಿಸಿದವು. ಇದು ಜಮೀನನ್ನು ಮೀಸಲಿಡುವ ಲೆಕ್ಕವೇ ಹೊರತು ಧಾರಣಶಕ್ತಿಯಲ್ಲ. ಅದೆಂತೆಂದರೆ, ಹೆಕ್ಟೇರಿಗೆ 2,000 ಕಿಲೋ ಒಣಹುಲ್ಲು ದೊರೆಯುವುದೆಂದು ಭಾವಿಸೋಣ. 12 ಹೆಕ್ಟೇರಿಗೆ 24,000 ಕಿಲೋ ಆಯಿತು. ಬೇರು ಬಲವಾಗಿ ಉಳಿದು ಬೀಜ ಕಟ್ಟಬೇಕಾದರೆ ಇದರಲ್ಲಿ ಅರ್ಧವನ್ನು ನೆಲದಲ್ಲಿಯೇ ಬಿಡತಕ್ಕದ್ದು. ಸಾಧಾರಣ ದನವೊಂದಕ್ಕೆ ದಿನಕ್ಕೆ ಸುಮಾರು 6 ಕಿಲೋ ಒಣಮೇವು ಬೇಕು. ಆದುದರಿಂದ ಮಿಕ್ಕ 12,000 ಕಿಲೋ 100 ದನಗಳಿಗೆ 20 ದಿನಗಳಿಗೆ ಮಾತ್ರ ಸಾಕಾಗುವುದು. ವರ್ಷಪೂರ್ತಿ ಅಲ್ಲಿಯೇ ಮೇಯಬೇಕಾದರೆ ಅದು ಐದು ದನಗಳ ನೆಲವೇ ಸರಿ. ಮಿಕ್ಕ ಮೇವು ರಾಗಿಹುಲ್ಲು, ಜೋಳದ ಸಪ್ಪೆ, ಬದುಗಳ ಮೇಲಿನ ಮೇವಿನ ಮರಗಳು ಇವುಗಳಿಂದ ಒದಗತಕ್ಕದ್ದು.

ಧಾರಣಶಕ್ತಿಯು ಮಣ್ಣು ಮಳೆಗಳಿಗೆ ತಕ್ಕಂತೆ ಊರಿಂದೂರಿಗೆ ಬೇರೆಯಾಗುವುದು. ಅದನ್ನು ಅಳೆಯುವುದು ಕಷ್ಟವಲ್ಲ. ಮುಂಗಾರಿಗೆ ಮೊದಲು ಗೋಮಾಳದ ಹತ್ತು ಕಡೆಗಳಲ್ಲಿ ಒಂದು ಮೀಟರು ಚೌಕದ ನೆಲಕ್ಕೆ ಮುಳ್ಳುಬೇಲಿ ಹಾಕಿಸಿ, ಮಳೆಗಾಲ ಕಳೆದ ಮೇಲೆ ಹುಲ್ಲನ್ನು ಕೊಯ್ದು ಒಣಗಿಸಿ ತೂಗಬೇಕು. ಒಂದು ಚೌಕದ ಸರಾಸರಿ ತೂಕವು 200 ಗ್ರಾಮಾದರೆ, ಹೆಕ್ಟೇರಿಗೆ 2,000 ಕಿಲೋ ಎಂದು ತಿಳಿಯಬಹುದು.

ಮೇಯಿಸುವ ಕ್ರಮದಿಂದಲೂ ಈ ಶಕ್ತಿಯನ್ನು ಕಾಪಾಡಬಹುದು. ಮೈಸೂರು ಸೀಮೆಯ ಅಮೃತಮಹಲ್ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲಗಳ ಕಾವಲುಗಳೆಂದು ವಿಂಗಡಿಸಿ, ದನಗಳನ್ನು ಋತುವಿಗನುಸಾರವಾಗಿ ಒಂದರಿಂದ ಮತ್ತೊಂದಕ್ಕೆ ನಡೆಸುತ್ತಿದ್ದರು. ಒಂದು ಕಡೆ ಮೇಯುವಾಗ ಮತ್ತೊಂದು ಕಡೆಯ ಹುಲ್ಲು ಚೇತರಿಸಿಕೊಳ್ಳುತ್ತಿದ್ದಿತು. ಗ್ರಾಮಸ್ಥರು ಕೂಡಿ ಗೋಮಾಳವನ್ನು ಮೂರು ಪಾಲು ಮಾಡಿ, ಪ್ರತಿ ವರ್ಷವೂ ಸರದಿಯಂತೆ ಒಂದು ಪಾಲನ್ನು ಹುಲ್ಲು ಬೀಜ ಉದುರಿಸುವವರೆಗೆ ಮುಚ್ಚಿಡುವುದು ಯುಕ್ತ. ಆದರೆ ಮೊದಲ ವರ್ಷ ಮೇವು ಕಡಮೆಯಾಗುವುದು; ಆಗ ಒಂದೆರಡು ಹಸುಗಳನ್ನು ಮಾತ್ರ ಸಾಕುವ ಬಡವರಿಗೇ ತೊಂದರೆ ಹೆಚ್ಚು. ಆದುದರಿಂದ ಹೆಚ್ಚು ದನಗಳುಳ್ಳ ಭೂಮಾಲೀಕರು ತಮ್ಮ ದನಗಳಿಗೆ ಮೊದಲು ಮನೆಯ ಮೇವನ್ನು ಒದಗಿಸಿ ದಾರಿ ತೋರಿಸತಕ್ಕದ್ದು. ಹಾಗಾದರೆ ಮಾತ್ರ ಈ ಕಟ್ಟಳೆಯು ಊರಿನಲ್ಲಿ ನಿಲ್ಲುವುದು.